ಮೀಟರಪ್ಪ ನಡೆದ ಕಾರ್ಪೆಟ್ಟು

ವಾಷಿಂಗ್ ಮೆಷಿನ್ನಿನ ಪೈಪು ಕಿತ್ತುಕೊಳ್ಳುವ ಮೊದಲು ಯಾರಿಗೂ ಸೂಚನೆ ಕೊಡುವುದಿಲ್ಲ. ಮನೆಯವರು ಪಕ್ಕದಲ್ಲೇ ನಿಂತು ನೋಡುತ್ತಿರುವಾಗ ಕಿತ್ತುಕೊಂಡ ಪೈಪಿನ ಸುದ್ದಿಯನ್ನು ಇದುವರೆಗೆ ಯಾರೂ ಕೇಳಿದಂತಿಲ್ಲ. ಕಾಜಮ್ಮನ ಮನೆಯ ಪೈಪೂ ಅದೇ ಜಾತಿಯದು. ಮಂಗಳವಾರ ಬೆಳಗ್ಗೆ ಆಕೆ ಮೊದಲ ಕಂತಿನ ಬಟ್ಟೆಯನ್ನು ತಾರಸಿಯ ಮೇಲೆ ಹರವುತ್ತ, ಪಕ್ಕದ ತಾರಸಿಯವರ ಜೊತೆ ಎರಡೇ ಎರಡು ಮಾತು ಆಡುತ್ತಿದ್ದಾಗ ಕಿತ್ತುಕೊಂಡಿತು. ಎರಡು ಮಾತು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಕೆಳಗಿಳಿದು ಬಂದು ಮುಂಗೋಣೆಗೆ ಕಾಲಿಟ್ಟರೆ ಕಾರ್ಪೆಟ್ಟು ‘ಪಚಕ್’ ಎಂದಿತು.

ಕಾಜಮ್ಮ ಓಡಿಹೋಗಿ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. ಆಮೇಲೆ ಎಲ್ಲರೂ ನೋಡುವ ಹಾಗೆ ಸೋಫಾ ನೋಡಲಿಲ್ಲ, ಟಿವಿ ನೋಡಲಿಲ್ಲ. ಬೆತ್ತದ ಕುರ್ಚಿಯಿಂದ ಕಿಟಕಿಯವರೆಗೆ, ಕಿಟಕಿಯಿಂದ ಬಾಗಿಲವರೆಗೆ ಕಾರ್ಪೆಟ್ಟಿನ ಮೇಲೆ ಸವೆದು ಮಲಗಿದ್ದ ಒಂದು ದಾರಿಯನ್ನು ನೋಡಿದಳು. ನೋಡಿ, “ಅಯ್ಯೋ, ಎದ್ದುಬಿಡುತ್ತಲ್ಲ!” ಎಂದಳು.

ಈ ಮಾತು ಅರ್ಥವಾಗಬೇಕಾದರೆ ಇಬ್ಬರ ಪರಿಚಯ ಆಗಬೇಕು. ಕಾಜಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅಂಗಿಯ ಗುಂಡಿ ತೂರಿಸುವ ತೂತಿಗೆ ದರ್ಜಿಗಳು ಕಾಜಾ ಅನ್ನುತ್ತಾರಲ್ಲ, ಅದನ್ನು ಕೈಯಲ್ಲೇ ಹೊಲಿದುಕೊಡುವುದರಲ್ಲಿ ಆಕೆಯನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಆಕೆಯ ಗಂಡನಿಗೆ ಬೀದಿ ಇಟ್ಟ ಹೆಸರು ಮೀಟರಪ್ಪ. ಮೂವತ್ತನಾಲ್ಕು ವರ್ಷ ಮನೆಮನೆಯ ಮೆಟ್ಟಿಲು ಹತ್ತಿ ಕರೆಂಟಿನ ಮೀಟರು ಓದಿದ ಮನುಷ್ಯ. ನಿವೃತ್ತಿಯ ಕಾಗದ ಕೈಗೆ ಬಂತೇ ಹೊರತು ಕಾಲಿಗೆ ತಲುಪಲಿಲ್ಲ. ದಿನಾ ಹತ್ತು ಗಂಟೆಗೆ ಇಸ್ತ್ರಿ ಅಂಗಿ ತೊಟ್ಟು ಬೆತ್ತದ ಕುರ್ಚಿಯಿಂದ ಏಳುವುದು, ಕಿಟಕಿಗೆ ಹೋಗುವುದು, ಅಲ್ಲಿಂದ ಬಾಗಿಲಿಗೆ ಬಂದು ತಲೆಯೆತ್ತಿ ಸ್ವಂತ ಮನೆಯ ಮೀಟರನ್ನು ಗಟ್ಟಿಯಾಗಿ ಓದುವುದು, ಮತ್ತೆ ಕುರ್ಚಿ. ಹೀಗೆ ಇಪ್ಪತ್ತು ಸುತ್ತು. ಅಂಗಾಲಿಗೆ ತಣ್ಣನೆಯ ನೆಲ ಆಗದೆಂದು ಗೋಡೆಯಿಂದ ಗೋಡೆಗೆ ಹಾಸಿಸಿದ್ದ ಹಸಿರು ಕಾರ್ಪೆಟ್ಟಿನಲ್ಲಿ ಹನ್ನೊಂದು ವರ್ಷಕ್ಕೆ ಎರಡು ಗೇಣು ಅಗಲದ ಕಾಲುದಾರಿಯೇ ಬಿದ್ದಿತು.

ನಡೆಯುವವರು ಹೋಗಿ ಎರಡು ವರ್ಷವಾಗಿತ್ತು. ದಾರಿ ಉಳಿದಿತ್ತು. ಕುರ್ಚಿಯ ನಾಲ್ಕು ಕಾಲು ಒತ್ತಿದ ನಾಲ್ಕು ಅಚ್ಚೂ ಉಳಿದಿದ್ದವು. ಕಸ ಗುಡಿಸುವಾಗ ಕಾಜಮ್ಮ ಆ ದಾರಿಯ ಮೇಲೆ ಪೊರಕೆಯನ್ನು ಮೆತ್ತಗೆ ಆಡಿಸುತ್ತಿದ್ದಳು, ಮಲಗಿದ ಮಗುವಿನ ತಲೆ ಬಾಚುವವಳ ಹಾಗೆ.

ಈಗ ಅದು ಒದ್ದೆಯಾಗಿತ್ತು. ಮಖಮಲ್ಲಿನ ಬಟ್ಟೆ ಇಸ್ತ್ರಿಯ ಭಾರಕ್ಕೆ ಜಜ್ಜಿಹೋದರೆ ಆವಿ ಹಿಡಿದರೆ ಸಾಕು, ಮಲಗಿದ ನೂಲೆಲ್ಲ ಎದ್ದು ನಿಲ್ಲುತ್ತದೆ. ಹೊಲಿಗೆ ಬಲ್ಲ ಯಾರಿಗಾದರೂ ಇದು ಗೊತ್ತು. ಕಾರ್ಪೆಟ್ಟಿನ ನೂಲೂ ನೀರು ಕುಡಿದು ಎದ್ದು ನಿಂತರೆ? ಗಂಡನ ಹನ್ನೊಂದು ವರ್ಷದ ನಡಿಗೆ ಒಂದೇ ದಿನದಲ್ಲಿ ಅಳಿಸಿಹೋಗುವುದಿಲ್ಲವೇ?

ಆಗ ಕಾಜಮ್ಮ ಮಾಡಿದ ಕೆಲಸಗಳನ್ನು ಹೇಳುವುದಕ್ಕೇ ಈ ಕಥೆ. ಹಳೆಯ ಟವೆಲ್ಲುಗಳಿಂದ ಮೇಲುಮೇಲೆ ಒತ್ತಿ ಎರಡು ಬಕೆಟ್ ನೀರು ಹಿಂಡಿದಳು. ಅಷ್ಟು ಸರಿ. ಆಮೇಲೆ ಬೆತ್ತದ ಕುರ್ಚಿಯನ್ನು ಎಳೆದು ಅದರ ಕಾಲುಗಳನ್ನು ಹಳೆಯ ಅಚ್ಚುಗಳಲ್ಲೇ ಕರಾರುವಾಕ್ಕಾಗಿ ಕೂರಿಸಿದಳು. ಹೊಲಿಗೆ ಯಂತ್ರದ ಕಬ್ಬಿಣದ ಕಾಲುಗಳನ್ನೂ ಹಾಗೆಯೇ. ದಾರಿಯ ಮೇಲೆ ತೆಳು ಬಟ್ಟೆ ಹಾಸಿ, ನೂಲು ಏಳದ ಹಾಗೆ ಉದ್ದಕ್ಕೂ ಇಸ್ತ್ರಿ ಉಜ್ಜಿದಳು. ಅದರ ಮೇಲೆ ಕಾಗದ ಹಾಸಿ, ತುಂಡುಬಟ್ಟೆ ತುಂಬಿದ ತಗಡಿನ ಟ್ರಂಕುಗಳನ್ನು ಸಾಲಾಗಿ ಇಟ್ಟಳು. ಗಾಳಿಗೂ ನೂಲು ಎದ್ದೀತೆಂದು ಕಿಟಕಿ ಮುಚ್ಚಿದಳು. ಕೊನೆಗೆ ಗುಲಾಬಿ ಸೆಂಟಿನ ಡಬ್ಬಿಯನ್ನು ಮುಕ್ಕಾಲು ಪಾಲು ಖಾಲಿ ಮಾಡಿ, ‘ಸದ್ಯ, ಉಳಿಯಿತು’ ಎಂದು ಕೂತಳು.

ಮರುದಿನ ಮಧ್ಯಾಹ್ನ ಮಗಳು ತನ್ನ ಆರು ವರ್ಷದ ಹುಡುಗಿಯನ್ನು ಕರೆದುಕೊಂಡು ಬಂದಳು. ಮಗುವಿಗೆ ಹುಟ್ಟಿನಿಂದಲೂ ಉಬ್ಬಸದ ಕಾಟ. ಅಜ್ಜಿಯ ಮನೆಗೆ ಬಂದರೆ ಅದರ ಮೊದಲ ಕೆಲಸ, ಎರಡೂ ಕೈ ಅಗಲಿಸಿ, ಹೆಜ್ಜೆಗೆ ಹೆಜ್ಜೆ ಅಂಟಿಸಿಕೊಂಡು ‘ತಾತನ ದಾರಿ’ಯಲ್ಲಿ ನಡೆಯುವುದು. ಇವತ್ತು ದಾರಿಯ ತುಂಬ ಟ್ರಂಕು.

“ಅಮ್ಮಾ, ಕಿಟಕಿ ಎಲ್ಲ ಮುಚ್ಚಿ ಏನ್ ಮಾಡ್ತಿದ್ದೀಯ? ಒದ್ದೆ ನಾಯಿ ಕಟ್ಟಿಹಾಕಿದ ಹಾಗಿದೆ ವಾಸನೆ,” ಎಂದಳು ಮಗಳು.

“ಸೆಂಟು ಹೊಡೆದಿದ್ದೀನಲ್ಲೇ.”

“ಹಾಗಾದ್ರೆ ಸೆಂಟು ಹೊಡ್ಕೊಂಡ ಒದ್ದೆ ನಾಯಿ.”

ಅಷ್ಟರಲ್ಲಿ ಮಗು ಏಳು ಸಲ ಸೀನಿತು. ಎಂಟನೆಯದಕ್ಕೆ ಉಸಿರು ಸಿಕ್ಕದೆ ಎದೆಯೊಳಗೆ ಸಣ್ಣ ಶಿಳ್ಳೆ ಕೇಳಿಸಿತು. ಮಗಳು ಚೀಲದಿಂದ ಉಸಿರೆಳೆಯುವ ಔಷಧಿ ತೆಗೆದು ಮಗುವಿನ ಬಾಯಿಗಿಟ್ಟು, ಅದು ಸುಧಾರಿಸಿದ ಮೇಲೆ ಚಪ್ಪಲಿ ಹುಡುಕಿದಳು.

“ಕೋಪ ಮಾಡ್ಕೋಬೇಡಮ್ಮ. ಈ ವಾಸನೆ ಹೋಗೋವರೆಗೂ ಇವಳನ್ನ ಕರ್ಕೊಂಡು ಬರಲ್ಲ.”

“ಅಜ್ಜಿ, ತಾತನ ದಾರಿ?” ಎಂದಿತು ಮಗು ಮೆಟ್ಟಿಲ ಮೇಲಿಂದ.

“ಇದೆ ಪುಟ್ಟಿ, ಭದ್ರವಾಗಿದೆ,” ಎಂದಳು ಕಾಜಮ್ಮ. ಬಾಗಿಲು ಮುಚ್ಚಿ ಬಂದು ಟ್ರಂಕಿನ ಮೇಲೆ ಕೂತಳು. ದಾರಿ ಭದ್ರವಾಗಿತ್ತು, ನಡೆಯುವವರು ಯಾರೂ ಇರಲಿಲ್ಲ.

ಆ ದಿನ ಸಂಜೆ ಕೆಳಗಿನ ಮನೆಯ ಹೋಟೆಲಕ್ಕ ಸಮವಸ್ತ್ರದ ಗುಂಡಿ ಹಾಕಿಸಿಕೊಳ್ಳಲು ಬಂದಳು. ಅರವತ್ತನಾಲ್ಕು ಕೋಣೆಗಳ ಹೋಟೆಲಿನಲ್ಲಿ ಕೋಣೆ ಶುಚಿ ಮಾಡುವವರ ಮೇಲ್ವಿಚಾರಣೆ ಆಕೆಯದು. ಯಾರ ಮನೆಗೆ ಹೋದರೂ ಮೊದಲು ಆಕೆಯ ಮೂಗು ಒಳಗೆ ಹೋಗುತ್ತದೆ, ಹಿಂದೆಯೇ ಆಕೆ.

“ಅಕ್ಕಾ, ಕಾರ್ಪೆಟ್ಟಿಗೆ ನೀರು ಬಿದ್ದು ಎಷ್ಟು ಹೊತ್ತಾಯ್ತು?”

“ನಿಂಗೆ ಯಾರು ಹೇಳಿದ್ರೇ?”

“ನಿಮ್ಮ ಕಾರ್ಪೆಟ್ಟೇ ಹೇಳ್ತಿದೆಯಲ್ಲ, ಕೆಳಗಿನ ಮೆಟ್ಟಿಲವರೆಗೂ ಕೇಳಿಸ್ತಿದೆ. ಎಂಥ ನೀರು? ಚರಂಡೀದಾ?”

“ಛೀ! ನಲ್ಲಿ ನೀರು. ಪೈಪ್ ಕಿತ್ಕೊಂಡಿತ್ತು. ನಿನ್ನೆ ಬೆಳಗ್ಗೆ. ಒಣಗಿಸಿದ್ದೀನಿ, ಮುಟ್ಟಿ ನೋಡು, ಬೇಕಾದ್ರೆ.”

“ಪುಣ್ಯ. ಚರಂಡಿ ನೀರಾಗಿದ್ರೆ ಒಣಗಿಸೋ ಮಾತೇ ಇಲ್ಲ, ಬಿಸಾಕಬೇಕಿತ್ತು,” ಎಂದು ಹೋಟೆಲಕ್ಕ ಬಗ್ಗಿ ಮುಟ್ಟಿದಳು. ಮೇಲೆ ಒಣಗಿದ ಹಾಗೇ ಇತ್ತು. ಹೊಳೆಯುವ ಒಂದು ಪಟ್ಟಿಯ ಮೇಲೆ ಬೆರಳು ನಿಂತಿತು. “ಇದೇನು, ನೂಲು ಕರಗಿದ ಹಾಗಿದೆ?”

“ಸ್ವಲ್ಪ ಇಸ್ತ್ರಿ ಹಾಕ್ದೆ.”

“ಕಾರ್ಪೆಟ್ಟಿಗೆ?”

“ಹೂಂ.”

“ಒದ್ದೆ ನೆಲದ ಮೇಲೆ ನಿಂತ್ಕೊಂಡು, ಕರೆಂಟಿನ ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡು? ಮೀಟರಣ್ಣನ ಹೆಂಡ್ತಿಯಾಗಿ? ಅಣ್ಣ ಇದ್ದಿದ್ರೆ ಮನೆ ಫ್ಯೂಸನ್ನೇ ಕಿತ್ತು ಜೇಬಲ್ಲಿ ಇಟ್ಕೊಂಡು ಓಡಾಡ್ತಿದ್ರು.”

ಕಾಜಮ್ಮನಿಗೆ ನಗು ಬರಬೇಕಿತ್ತು, ಕಣ್ಣಲ್ಲಿ ನೀರು ಬಂತು. ಮಖಮಲ್ಲು, ಆವಿ, ಏಳುವ ನೂಲು, ಟ್ರಂಕು, ಎಲ್ಲವನ್ನೂ ಹೇಳಿದಳು. ಹೋಟೆಲಕ್ಕ ನಡುವೆ ಬಾಯಿ ಹಾಕಲಿಲ್ಲ. ಆಕೆಯ ಮಟ್ಟಿಗೆ ಅದು ದೊಡ್ಡ ಸಂಯಮ.

“ಸರಿ ಅಕ್ಕ. ನೀವು ಮುಚ್ಚಿಟ್ಟಿರೋದು ದಾರೀನಲ್ಲ, ನೀರನ್ನ. ಕಾರ್ಪೆಟ್ಟಿನ ಕೆಳಗೆ ಸ್ಪಂಜಿನ ಹಾಸು ಇದೆ. ನೀವು ಹಿಂಡಿದ್ದು ಮೇಲಿಂದು. ಕೆಳಗಿನ ಸ್ಪಂಜು ಬಕೆಟ್‌ಗಟ್ಟಲೆ ಕುಡ್ಕೊಂಡು ಸುಮ್ನೆ ಕೂತಿರುತ್ತೆ. ಒಂದು ದಿನ, ಹೆಚ್ಚಂದ್ರೆ ಎರಡು ದಿನ. ಅಷ್ಟರೊಳಗೆ ಒಣಗಲಿಲ್ಲ ಅಂದ್ರೆ ಬೂಷ್ಟು ಹಿಡಿಯೋಕೆ ಶುರು. ಕಣ್ಣಿಗೆ ಕಾಣಲ್ಲ, ಮಕ್ಕಳ ಎದೆಗೆ ಮೊದಲು ಗೊತ್ತಾಗುತ್ತೆ.”

“ನೀನು ಹೋಟೆಲಿನವಳು, ನಿಂಗೆ ಎಲ್ಲಾದ್ರಲ್ಲೂ ಬೂಷ್ಟೇ ಕಾಣುತ್ತೆ. ಕಿತ್ತರೆ ದಾರಿ ಹೋಗುತ್ತೆ. ನಾನು ಕೀಳಲ್ಲ.”

ಹೋಟೆಲಕ್ಕ ವಾದಕ್ಕೆ ನಿಲ್ಲದೆ ಕೈಚೀಲಕ್ಕೆ ಕೈ ಹಾಕಿದಳು. ಬೀಗದ ಕೈಗೊಂಚಲಿನ ಜೊತೆ ಹೊರಗೆ ಬಂದದ್ದು ಅಂಗೈಯಗಲದ ಒಂದು ಪೆಟ್ಟಿಗೆ. ಒಂದು ತುದಿಯಲ್ಲಿ ಎರಡು ಸೂಜಿ, ಮುಖದ ಮೇಲೆ ಗಾಜು, ಗಾಜಿನೊಳಗೊಂದು ಮುಳ್ಳು.

“ಏನೇ ಇದು?”

“ಮೀಟರು. ತೇವ ಎಷ್ಟಿದೆ ಅಂತ ಹೇಳುತ್ತೆ. ಹೋಟೆಲಲ್ಲಿ ಇದನ್ನ ಕೇಳದೆ ಯಾವ ಕೋಣೇನೂ ಅತಿಥಿಗೆ ಕೊಡಲ್ಲ.”

ಬಾಗಿಲ ಹಿಂದಿನ ಒಣ ಮೂಲೆಯಲ್ಲಿ ಸೂಜಿ ಊರಿದಳು. ಮುಳ್ಳು ಹಸಿರು ಗೆರೆಯ ಮೇಲೆ ಸೋಮಾರಿಯ ಹಾಗೆ ಬಿದ್ದುಕೊಂಡಿತು. ಒಂದು ಟ್ರಂಕು ಸರಿಸಿ, ದಾರಿಯ ನಡುವೆ ಆಳಕ್ಕೆ ಚುಚ್ಚಿದಳು. ಮುಳ್ಳು ಬೆಚ್ಚಿಬಿದ್ದು ಕೆಂಪಿನ ತುದಿಗೆ ಹಾರಿ ಅಲ್ಲೇ ನಡುಗುತ್ತ ನಿಂತಿತು.

“ಇನ್ನೊಂದು ಸಲ ನೋಡು,” ಎಂದಳು ಕಾಜಮ್ಮ. ನೋಡಿದರು. ಕೆಂಪು. “ನಾನು ಚುಚ್ತೀನಿ ಕೊಡು.” ಚುಚ್ಚಿದಳು. ಕೆಂಪು.

ಮೂವತ್ತನಾಲ್ಕು ವರ್ಷ ಮೀಟರಪ್ಪ ಕೆಲಸದಿಂದ ಬಂದು ಹೇಳುತ್ತಿದ್ದದ್ದು ಒಂದೇ ಕಥೆ: ಇವತ್ತು ಯಾವ ಮನೆಯವರು ಮೀಟರಿನ ಮೇಲೆ ಜಗಳಕ್ಕೆ ಬಂದರು ಎನ್ನುವುದು. “ಬಾಗಿಲಲ್ಲಿ ನಿಂತು ಎಷ್ಟಾದ್ರೂ ಕೂಗಾಡ್ಲಿ ಕಣೇ, ನನ್ನನ್ನ ಬೈಲಿ. ಮುಳ್ಳು ಎಲ್ಲಿದೆಯೋ ಅಲ್ಲೇ ಇರುತ್ತೆ,” ಎನ್ನುತ್ತಿದ್ದ. ಆ ಕೂಗಾಡುವವರನ್ನು ನೆನೆದು ಗಂಡಹೆಂಡಿರು ಎಷ್ಟು ನಕ್ಕಿದ್ದರು! ಈಗ ಬಾಗಿಲಲ್ಲಿ ನಿಂತು ಕೂಗಾಡುತ್ತಿರುವವಳು ತಾನೇ ಎಂದು ಕಾಜಮ್ಮನಿಗೆ ಹೊಳೆಯಿತು.

“ಏನ್ ಮಾಡ್ಬೇಕು ಹೇಳು,” ಎಂದಳು.

ಹೋಟೆಲಕ್ಕ ಮೊದಲು ಆ ಕೋಣೆಯ ಕರೆಂಟು ಆಫ್ ಮಾಡಿದಳು. “ಇದನ್ನ ನಿನ್ನೆ ನೀರಲ್ಲಿ ಕಾಲಿಡೋಕೆ ಮುಂಚೆನೇ ಮಾಡ್ಬೇಕಿತ್ತು. ಹೋಗ್ಲಿ, ಬದುಕಿದ್ದೀರ, ಸಾಕು.” ಕಿಟಕಿ ತೆರೆಸಿದಳು. ಕುರ್ಚಿ, ಯಂತ್ರ, ಹೊಲಿಯಲು ಕೂರುವ ಸ್ಟೂಲು, ಟ್ರಂಕು ಎಲ್ಲ ಪಕ್ಕದ ಕೋಣೆಗೆ ಹೋದವು. ಯಂತ್ರದ ಕಬ್ಬಿಣದ ಕಾಲು ಇದ್ದಲ್ಲಿ ತುಕ್ಕಿನ ಉಂಗುರ, ಬೆತ್ತದ ಕುರ್ಚಿಯ ನಾಲ್ಕು ಅಚ್ಚಿನಲ್ಲಿ ಪಾಲಿಶಿನ ಕಂದು ಕಲೆ. ಕಾಪಾಡಲು ಹೊರಟ ನಾಲ್ಕು ಅಚ್ಚನ್ನೇ ಕಾಜಮ್ಮ ಖುದ್ದಾಗಿ ಬಣ್ಣ ಹಾಕಿ ಕೆಡಿಸಿದ್ದಳು.

“ಸಾಮಾನು ಸರಿಸೋಕೆ ಆಗಲೇ ಇಲ್ಲ ಅಂದ್ರೆ ಕಾಲಿನ ಕೆಳಗೆ ಪ್ಲಾಸ್ಟಿಕ್ಕಾದ್ರೂ ಮಡಿಸಿ ಇಡ್ಬೇಕು ಅಕ್ಕ,” ಎಂದಳು ಹೋಟೆಲಕ್ಕ ಮೆತ್ತಗೆ. ಬಯ್ಯಲು ಮನಸ್ಸಾಗಲಿಲ್ಲ.

ಕಾರ್ಪೆಟ್ಟಿನ ಅಂಚನ್ನು ಗೋಡೆಯ ಬುಡದಲ್ಲಿ ಮೊಳೆ ಹೊಡೆದ ಮರದ ಪಟ್ಟಿ ಕಚ್ಚಿ ಹಿಡಿದಿತ್ತು. ಮೊಳೆ ಚುಚ್ಚದ ಹಾಗೆ ಕಾಲಿಗೆ ಶೂ, ಕೈಗೆ ದಪ್ಪ ಗವಸು ಹಾಕಿಕೊಂಡು ಇಬ್ಬರೂ ಮೂಲೆಯಲ್ಲಿ ಕೂತರು. ಹೋಟೆಲಕ್ಕ ಇಕ್ಕುಳದಿಂದ ಅಂಚು ಹಿಡಿದು ಎಳೆದಳು. ಬರ್ರೆಂದು ಬಿಟ್ಟುಕೊಂಡಿತು. ಇಬ್ಬರೂ ಸೇರಿ ಹಾಳೆ ಮಗುಚಿದಂತೆ ಕಾರ್ಪೆಟ್ಟನ್ನು ಎದುರು ಗೋಡೆಯವರೆಗೂ ಮಡಚುತ್ತ ಹೋದರು.

ಕೆಳಗಿದ್ದ ಸ್ಪಂಜು ನೀರಲ್ಲಿ ನೆನೆದು ಕಪ್ಪಗಾಗಿತ್ತು. ಅದರ ಮೇಲೂ ದಾರಿ ಇತ್ತು. ಮೇಲಿನದಕ್ಕಿಂತ ಸ್ಪಷ್ಟವಾಗಿ. ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಅಪ್ಪಳದಷ್ಟು ತೆಳ್ಳಗೆ ತುಳಿದ ದಾರಿ. ಆದರೆ ಬಾಗಿಲಿನಿಂದ ಅದು ನೇರವಾಗಿ ಕುರ್ಚಿಗೆ ಹೋಗಿರಲಿಲ್ಲ. ಸ್ವಲ್ಪ ಡೊಂಕಾಗಿ ಸುತ್ತು ಹಾಕಿ ಹೊಲಿಗೆ ಯಂತ್ರ ಇದ್ದ ಕಡೆ ತಿರುಗಿತ್ತು. ಕಾಜಮ್ಮನ ಸ್ಟೂಲು ಇದ್ದ ಜಾಗದ ಹಿಂದೆ, ಒಂದು ಮೊಳ ಬಿಟ್ಟು, ಸ್ಪಂಜು ಸವೆದು ಪುಡಿಯಾಗಿ ಎರಡು ಪಾದದ ಆಕಾರದಲ್ಲಿ ನೆಲವೇ ಕಾಣುತ್ತಿತ್ತು. ಇಡೀ ಕೋಣೆಯಲ್ಲಿ ಅಷ್ಟು ಆಳ ಇನ್ನೆಲ್ಲೂ ಇರಲಿಲ್ಲ.

ನೂಲಿನ ಚೂರು ಕಾರ್ಪೆಟ್ಟಿಗೆ ಅಂಟದಿರಲಿ ಎಂದು ಯಂತ್ರದ ಸುತ್ತ, ಬಾಗಿಲವರೆಗೂ, ಕಾಜಮ್ಮ ಯಾವಾಗಲೂ ದಪ್ಪ ಬಟ್ಟೆ ಹಾಸಿಡುತ್ತಿದ್ದಳು. ಹಾಗಾಗಿ ಮೇಲೆ ಗುರುತೇ ಬಿದ್ದಿರಲಿಲ್ಲ.

“ಇಲ್ಲಿ ಯಾರಕ್ಕ ನಿಲ್ತಿದ್ರು?” ಎಂದಳು ಹೋಟೆಲಕ್ಕ, ಗೊತ್ತಾಗದೆ.

ಯಾರು ನಿಲ್ಲುತ್ತಿದ್ದರು! ಪ್ರತಿ ಸುತ್ತಿಗೂ ಬೆನ್ನ ಹಿಂದೆ ಬೆಳಕು ತುಸು ಮಂಕಾಗುತ್ತಿತ್ತು. ಕಾಜಮ್ಮ ಸೂಜಿಯಿಂದ ಕಣ್ಣೆತ್ತದೆ, “ಬೆಳಕಿಗೆ ಅಡ್ಡ ನಿಲ್ಬೇಡಿ ಅಂದ್ರೆ,” ಎನ್ನುತ್ತಿದ್ದಳು. “ಒಂದು ನಿಮಿಷ ಇರೇ, ರೀಡಿಂಗ್ ತಗೊಳ್ತಿದ್ದೀನಿ,” ಎಂಬ ಉತ್ತರ ಬರುತ್ತಿತ್ತು. ಬಾಗಿಲ ಮೇಲಿನ ಮೀಟರಿನ ಮಾತೆಂದೇ ಆಕೆ ತಿಳಿದಿದ್ದಳು. ಆ ಜಾಗದಿಂದ ಮೀಟರು ಕಾಣುವುದೇ ಇಲ್ಲ ಎನ್ನುವುದು ಹನ್ನೊಂದು ವರ್ಷ ತಲೆಗೆ ಹೋಗಿರಲಿಲ್ಲ. ಒಂದು ಸಲವೂ ತಿರುಗಿ ನೋಡಿರಲಿಲ್ಲ.

ಕಾಜಮ್ಮ ಶೂ ಕಳಚಿ, ಆ ಎರಡು ಪಾದಗಳಲ್ಲಿ ತನ್ನ ಪಾದ ಇಟ್ಟು ನಿಂತಳು. ತಣ್ಣಗಿತ್ತು. ಅಲ್ಲಿಂದ ಕಾಣುವುದು ಖಾಲಿ ಜಾಗ ಮಾತ್ರ. ಸ್ಟೂಲು ಆಗಲೇ ಒಳಗೆ ಹೋಗಿತ್ತು. ಹೋಟೆಲಕ್ಕ ಕಿಟಕಿಯ ಕಡೆ ತಿರುಗಿ, ಇಲ್ಲದ ಕೆಲಸವೊಂದನ್ನು ಹುಡುಕಿಕೊಂಡಳು.

ಕಾಜಮ್ಮನೇ ಕೇಳಿದಳು. “ಇದನ್ನ ಒಣಗಿಸೋಕೆ ಆಗಲ್ವಾ?”

“ಕಾರ್ಪೆಟ್ಟು ಒಣಗುತ್ತೆ ಅಕ್ಕ. ಸ್ಪಂಜು ಒಣಗಲ್ಲ. ಮೇಲೆ ಒಣಗಿದ ಹಾಗೆ ನಾಟಕ ಆಡುತ್ತೆ, ಒಳಗೇ ಕೊಳೆಯುತ್ತೆ. ಇದನ್ನ ಬಿಟ್ರೆ ಪುಟ್ಟಿ ಮತ್ತೆ ಈ ಮನೆಗೆ ಬರೋಕಾಗಲ್ಲ.”

“ಒಂದು ಚೂರು ಕತ್ತರಿಸಿ ಇಟ್ಕೊಂಡ್ರೆ?”

ಹೋಟೆಲಕ್ಕ ಬಗ್ಗಿ ಸ್ಪಂಜಿನ ಒಂದು ತುದಿ ಹಿಂಡಿದಳು, ಕಪ್ಪು ನೀರು ಸುರಿಯಿತು. ಕಾಜಮ್ಮ ಅರ್ಥ ಮಾಡಿಕೊಂಡಳು. ಶೂ ಹಾಕಿಕೊಂಡು, ಬೇರೆಯವರ ಕೈಗೆ ಬಿಡದೆ, ಆ ಸ್ಪಂಜನ್ನು ತಾನೇ ಬಾಗಿಲ ಕಡೆಯಿಂದ ಸುರುಳಿ ಸುತ್ತುತ್ತ ಬಂದಳು. ನೀರು ಕುಡಿದು ಮಣಭಾರವಾಗಿತ್ತು. ಇಬ್ಬರೂ ಹೊತ್ತು ಕೆಳಗಿಳಿಸಿ ಕಸದ ಗಾಡಿ ನಿಲ್ಲುವಲ್ಲಿ ಇಟ್ಟರು. ವಾಪಸು ಮೆಟ್ಟಿಲು ಹತ್ತುವಾಗ ಕಾಜಮ್ಮ ತಿರುಗಿ ನೋಡಿದಳು.

ಮುಂದಿನದು ಶ್ರಮದ ಕೆಲಸ. ಹೋಟೆಲಕ್ಕ ತನ್ನ ಹೋಟೆಲಿನಿಂದ ನೀರು ಹೀರುವ ಯಂತ್ರವನ್ನು ಕೇಳಿ ತಂದಳು. “ಮನೇಲಿ ಧೂಳು ಹೊಡೆಯೋ ಮೆಷಿನ್ನನ್ನ ಒದ್ದೆ ಮೇಲೆ ಓಡಿಸ್ಬೇಡಿ ಮತ್ತೆ, ಅದಕ್ಕೂ ಶಾಕು, ನಿಮಗೂ ಶಾಕು,” ಎಂದಳು. ಕರೆಂಟು ಬಾಗಿಲಾಚೆಯ ಒಣ ಕೋಣೆಯಿಂದ ಬಂತು. ಯಂತ್ರ ಕಾರ್ಪೆಟ್ಟಿನಿಂದ ಮತ್ತೆ ಎರಡೂವರೆ ಬಕೆಟ್ ನೀರು ಎಳೆದಾಗ ಕಾಜಮ್ಮ ಬಾಯಿಯ ಮೇಲೆ ಬೆರಳಿಟ್ಟಳು. ಒಣಗಿದ್ದೇ ಇಷ್ಟು ನೀರು ಕೊಟ್ಟರೆ ಒದ್ದೆಯಾದದ್ದು ಎಷ್ಟು ಕೊಡುತ್ತಿತ್ತೋ!

ಬಕೆಟ್ಟುಗಳನ್ನು ಬೋರಲು ಹಾಕಿ ಕಾರ್ಪೆಟ್ಟನ್ನು ಅವುಗಳ ಮೇಲೆ ಎತ್ತಿ ಹರವಿದರು, ಗಾಳಿ ಮೇಲೂ ಕೆಳಗೂ ಆಡಲೆಂದು. ಎರಡು ಫ್ಯಾನನ್ನು ಕುರ್ಚಿಯ ಮೇಲಿಟ್ಟು, ವೈರು ನೆಲಕ್ಕೆ ತಾಗದಂತೆ ಕಟ್ಟಿ, ಹಗಲಿರುಳು ಓಡಿಸಿದರು. ಬಿಸಿಲಿದ್ದಾಗ ಕಿಟಕಿ ತೆರೆ, ಹೊರಗೆ ಮಳೆಹನಿ ಬಿದ್ದ ಕೂಡಲೇ ಮುಚ್ಚು. ತೇವದ ಗಾಳಿ ಒಳಗೆ ಬಂದರೆ ಒಣಗಿಸಿದ್ದು ಹೊಳೆಗೆ ಹೋಯಿತು ಎಂದು ಲೆಕ್ಕ. ಮೂರನೆಯ ದಿನ ಕಾರ್ಪೆಟ್ಟು ಒಣಗಿತು.

“ಹಾಸೋಣ್ವಾ?” ಎಂದಳು ಕಾಜಮ್ಮ.

“ಕಾರ್ಪೆಟ್ಟು ಒಣಗ್ತು. ನೆಲ?”

“ನೆಲ ಸಿಮೆಂಟು. ಸಿಮೆಂಟಿಗೇನು ಬಾಯಾರಿಕೆ?”

“ನೋಡೋಣ,” ಎಂದು ಹೋಟೆಲಕ್ಕ ಮೊಳದುದ್ದದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿದಳು. ಮರುದಿನ ಬೆಳಗ್ಗೆ ಹಾಳೆಯ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಹನಿಗಳು. ಸಿಮೆಂಟಿಗೂ ಬಾಯಾರಿಕೆ ಆಗಿತ್ತು. ಮತ್ತೆರಡು ದಿನ ಫ್ಯಾನು. ಆಮೇಲೆ ಹಾಳೆ ಒಣಗಿಯೇ ಇತ್ತು, ಮುಳ್ಳು ಹಸಿರಿನ ಮೇಲೆ ಸೋಮಾರಿಯಾಗಿ ಬಿದ್ದುಕೊಂಡಿತು. ಹೊಸ ಸ್ಪಂಜು ಹಾಸಿ, ಹಳೆಯ ಕಾರ್ಪೆಟ್ಟನ್ನು ಮೊದಲಿನ ಜಾಗಕ್ಕೆ ಎಳೆದು ಕೂರಿಸಿದರು.

ಕಾಜಮ್ಮ ಹೆದರಿದ್ದು ಸುಳ್ಳಾಗಲಿಲ್ಲ. ಇಸ್ತ್ರಿಗೆ ಕರಗಿದ ಗೇಣುದ್ದದ ಒಂದು ಪಟ್ಟಿ ಬಿಟ್ಟರೆ ನೂಲೆಲ್ಲ ಎದ್ದಿತ್ತು. ಬೆಳಗಿನ ಓರೆ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ದಾರಿಯ ನೆರಳು ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ.

ಅದರ ಮುಂದಿನ ಭಾನುವಾರ ಮಗಳು ಬಂದು ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. “ಏನೂ ವಾಸನೆ ಇಲ್ಲ ಕಣಮ್ಮ!” ಈ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಕಾರ್ಪೆಟ್ಟಿಗೆ ಸಿಗುವುದಿಲ್ಲ. ಮಗು ಒಳಗೆ ನುಗ್ಗಿ ನೆಲ ನೋಡಿತು.

“ಅಜ್ಜಿ, ತಾತನ ದಾರಿ ಎಲ್ಲಿ?”

“ನನ್ನ ಹಿಂದೆ ಬಾ,” ಎಂದಳು ಕಾಜಮ್ಮ. ಹತ್ತು ಗಂಟೆಯಾಗಿತ್ತು. ಕುರ್ಚಿಯಿಂದ ಕಿಟಕಿಗೆ ನಡೆದಳು, ಕಿಟಕಿಯಿಂದ ಬಾಗಿಲಿಗೆ. ತಲೆಯೆತ್ತಿ ಮೀಟರಿನ ಅಂಕೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು. ಆಮೇಲೆ ಡೊಂಕಾಗಿ ತಿರುಗಿ ತನ್ನ ಸ್ಟೂಲಿನ ಹತ್ತಿರ ಬಂದು, “ಇಲ್ಲಿ ತಾತ ಒಂದು ನಿಮಿಷ ನಿಲ್ತಿದ್ರು,” ಎಂದು ತೋರಿಸಿ, ಕೂತು ಸೂಜಿಗೆ ದಾರ ಪೋಣಿಸಿದಳು.

ಮಗು ಎರಡನೆಯ ಸುತ್ತು ಒಂಟಿಯಾಗಿ ಹೊರಟಿತು. ಸೀನಲಿಲ್ಲ, ಎದೆಯಲ್ಲಿ ಶಿಳ್ಳೆ ಕೇಳಿಸಲಿಲ್ಲ. ಸುತ್ತು ಮುಗಿಸಿ ಬೆನ್ನ ಹಿಂದೆ ಬಂದು ನಿಂತಿತು. ಕಾಜಾದ ಮೇಲೆ ಬಿದ್ದಿದ್ದ ಬೆಳಕು ತುಸು ಮಂಕಾಯಿತು. “ಬೆಳಕಿಗೆ...” ಎಂದು ಬಾಯಿಗೆ ಬಂದದ್ದನ್ನು ಕಾಜಮ್ಮ ಅಲ್ಲೇ ತಡೆದು, ಸೂಜಿ ಕೆಳಗಿಟ್ಟು, ತಿರುಗಿ ನೋಡಿದಳು.

ಕಥೆ ಕೇಳಿಸಿಕೊಂಡಿರಲ್ಲ, ಈಗ ನಿಮ್ಮ ಮನೆಯ ಮಾತು. ನಿಮ್ಮಲ್ಲೂ ಒಂದು ದಿನ ಪೈಪು ಕಿತ್ತುಕೊಳ್ಳುತ್ತದೆ, ಇಲ್ಲವೇ ನಲ್ಲಿ ಮುಚ್ಚುವುದು ಮರೆತುಹೋಗುತ್ತದೆ. ಆಗ ಮೊದಲು ಕರೆಂಟು ಆರಿಸಿ, ಸಾಮಾನು ಎತ್ತಿ. ಮೇಲೆ ಕೈಯಾಡಿಸಿ ‘ಒಣಗಿದೆ’ ಎನ್ನಬೇಡಿ, ಸೆಂಟು ಹೊಡೆದು ಮೂಗಿಗೆ ಮೋಸ ಮಾಡಬೇಡಿ, ದಯವಿಟ್ಟು ಇಸ್ತ್ರಿ ಹಾಕಬೇಡಿ. ನೆನೆದ ಸ್ಪಂಜು ನಿಮ್ಮ ಜೊತೆ ಎಷ್ಟೇ ವರ್ಷ ಇದ್ದಿರಲಿ, ಅದನ್ನು ಕಳಿಸಿಕೊಡಿ. ಕಾರ್ಪೆಟ್ಟಿಗೆ ಎರಡೂ ಕಡೆ ಗಾಳಿ ಬಿಡಿ, ನೆಲವೂ ಒಣಗುವವರೆಗೆ ತಾಳಿ. ಚರಂಡಿಯ ನೀರಾದರೆ, ಎರಡು ದಿನ ದಾಟಿ ಬೂಷ್ಟು ಬಂದಿದ್ದರೆ, ಉಳಿಸುವ ಆಸೆ ಬಿಟ್ಟು ಬಲ್ಲವರನ್ನು ಕರೆಯಿರಿ. ನಾಳೆ ನೋಡೋಣ ಎನ್ನಬೇಡಿ. ನೀರು ಬಿದ್ದ ದಿನವೇ ಮೊಣಕಾಲೂರಿ ಕೂತು ಒಂದು ಮೂಲೆ ಎತ್ತಿ. ಆ ಮನೆಯಲ್ಲಿ ಇನ್ನೂ ನಡೆದಾಡಬೇಕಾದವರು ಇದ್ದಾರೆ.